ಯಾರ ಭಾರ ಯಾರ ಚೀಲದಲ್ಲಿ

ಅಕ್‌ಬೈತಾಲ್ ಪಾಸ್‌ನ, ಅಂದರೆ ಪರ್ವತ ದಾಟುವ ಕಣಿವೆದಾರಿಯ, ನೆತ್ತಿಯ ಮೇಲೆ ನಾವು ಮೂವರೂ ಇರುವ ಫೋಟೊ ಒಂದೂ ಇಲ್ಲ. 4,655 ಮೀಟರ್ ಎತ್ತರದವರೆಗೆ ಸೈಕಲ್ ತುಳಿದವರು ಫೋಟೊ ತೆಗೆಸಿಕೊಳ್ಳುವುದನ್ನು ಮರೆಯುವುದಿಲ್ಲ. ನಾವೂ ಮರೆತಿರಲಿಲ್ಲ. ಮೂವರೂ ಅಲ್ಲಿ ಸೇರಿದ ಐದು ನಿಮಿಷದೊಳಗೆ ಇಬ್ಬರು ಮಾತು ಬಿಟ್ಟಿದ್ದೆವು, ಅಷ್ಟೇ.

ಹೊರಟಿದ್ದು 2019ರ ಆಗಸ್ಟ್‌ನಲ್ಲಿ. ತಜಿಕಿಸ್ತಾನದ ಖೊರೋಗ್‌ನಿಂದ ಕಿರ್ಗಿಸ್ತಾನದ ಓಶ್‌ವರೆಗೆ, ಪಾಮಿರ್ ಹೆದ್ದಾರಿ ಎನ್ನಿಸಿಕೊಳ್ಳುವ ಎಂ41 ರಸ್ತೆಯಲ್ಲಿ ಸುಮಾರು 730 ಕಿಲೋಮೀಟರ್. 1930ರ ದಶಕದಲ್ಲಿ ಸೋವಿಯತ್ ಸರ್ಕಾರ ಸೇನೆಯನ್ನೂ ಸರಕನ್ನೂ ಸಾಗಿಸಲು ಮಾಡಿಸಿದ ರಸ್ತೆ ಇದು. ಹೆದ್ದಾರಿ ಎಂಬ ಹೆಸರು ಕೇಳಿ ಮೋಸ ಹೋಗಬಾರದು. ಕೆಲವು ಕಡೆ ಡಾಂಬರು ಇದೆ, ಕೆಲವು ಕಡೆ ಒಂದು ಕಾಲಕ್ಕೆ ಇತ್ತು, ಇನ್ನು ಕೆಲವು ಕಡೆ ರಸ್ತೆ ಯಾವುದು, ಬಯಲು ಯಾವುದು ಎಂಬುದನ್ನು ಲಾರಿಯ ಗಾಲಿಗುರುತು ನೋಡಿ ತೀರ್ಮಾನಿಸಬೇಕು.

ಮೂವರಲ್ಲಿ ಹಿರಿಯರು ಗಣಿತದ ಮೇಷ್ಟ್ರು, ನಮಗಿಂತ ಹನ್ನೆರಡು ವರ್ಷ ದೊಡ್ಡವರು. ಡಾಕ್ಟರ್ ಎಂದು ನಾವು ಕರೆಯುವುದು ನನ್ನ ಕಾಲೇಜು ದಿನಗಳ ಗೆಳತಿಯನ್ನು. ದಂತವೈದ್ಯೆ, 52 ಕೆಜಿ ತೂಕ, ಏರು ಕಂಡರೆ ಎಲ್ಲಿಲ್ಲದ ಹುರುಪು. ಮೂರನೆಯವನು ನಾನು, 78 ಕೆಜಿ. ಈ ಎರಡು ಅಂಕಿಗಳು ಮುಂದೆ ಬೇಕಾಗುತ್ತವೆ.

ಖೊರೋಗ್‌ನ ಅತಿಥಿಗೃಹದ ಅಂಗಳದಲ್ಲಿ ಮೇಷ್ಟ್ರು ಕೊಕ್ಕೆಯ ತಕ್ಕಡಿ ಹಿಡಿದು ಸಾಮಾನು ಹಂಚಿದರು. ವಿಮಾನದ ಲಗೇಜ್ ತೂಗಲೆಂದು ತಂದ ತಕ್ಕಡಿ ಅದು. ಸ್ಟೌ, ಪೆಟ್ರೋಲ್ ಬಾಟಲಿ, ಪಾತ್ರೆ, ರಿಪೇರಿ ಸಾಮಾನು, ಔಷಧಿ ಡಬ್ಬಿ, ಎಲ್ಲರಿಗೂ ಸೇರಿದ್ದು ಒಟ್ಟು ಒಂಬತ್ತು ಕೆಜಿ. ತಲೆಗೆ ಮೂರು ಕೆಜಿ. ಒಂದು ಗ್ರಾಮಿನ ಅನ್ಯಾಯವೂ ಇಲ್ಲ. ಸ್ವಂತದ್ದು ಅವರವರಿಗೆ ಬಿಟ್ಟಿದ್ದು. ನನ್ನ ಸ್ವಂತದ್ದು ಮಿಕ್ಕ ಇಬ್ಬರಿಗಿಂತ ತುಸು ಜಾಸ್ತಿಯೇ ಇತ್ತು. ಒಂದು ಹೆಚ್ಚುವರಿ ಟಯರ್, ದೊಡ್ಡ ಕ್ಯಾಮೆರಾ, ಎರಡು ಜೊತೆ ಶೂ, ಓದುತ್ತೇನೆ ಎಂದುಕೊಂಡಿದ್ದ ಪುಸ್ತಕ, ಹೀಗೆ ಏನೇನೋ.

"ಇಷ್ಟೆಲ್ಲ ಬೇಕೇ?" ಎಂದು ಡಾಕ್ಟರ್ ಕೇಳಿದಳು.

"ಹೊರುವವನು ನಾನು ತಾನೇ" ಎಂದೆ.

ಗುಂತ್ ನದಿಯ ಕಣಿವೆಯಲ್ಲಿ ಮೊದಲ ಮೂರು ದಿನ ಹಬ್ಬದಂತೆ ಕಳೆದವು. ಪಾಪ್ಲರ್ ಮರಗಳ ನೆರಳು, ಕಾಲುವೆ ನೀರು, ರಸ್ತೆಗೆ ಓಡಿ ಬಂದು ಕೈ ಚಾಚಿ ನಮ್ಮ ಅಂಗೈಗೆ ತಟ್ಟುವ ಮಕ್ಕಳು. ಆ ಪ್ರಾಂತ್ಯಕ್ಕೆ ವೀಸಾ ಸಾಲದು, ಗೋರ್ನೊ ಬದಖ್ಶಾನ್ ಪ್ರದೇಶದ ಪ್ರತ್ಯೇಕ ಪರವಾನಗಿ ಬೇಕು. ಚೆಕ್‌ಪೋಸ್ಟ್‌ಗಳಲ್ಲಿ ಅದನ್ನು ತೋರಿಸಿದರೆ ದಪ್ಪ ರಿಜಿಸ್ಟರ್‌ನಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ನಮ್ಮ ಹೆಸರುಗಳನ್ನು ರಷ್ಯನ್ ಲಿಪಿಗೆ ಇಳಿಸುವಷ್ಟರಲ್ಲಿ ಪ್ರತಿ ಸೈನಿಕನಿಗೂ ಸಾಕುಸಾಕಾಗುತ್ತಿತ್ತು.

ಎತ್ತರಕ್ಕೆ ಒಗ್ಗಿಕೊಳ್ಳುವುದು ಮಾತ್ರ ಅವಸರಕ್ಕೆ ಬಗ್ಗುವ ಕೆಲಸವಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 300ರಿಂದ 500 ಮೀಟರ್‌ಗಿಂತ ಮೇಲೇರಬಾರದು ಎನ್ನುತ್ತಾರೆ. ಕಾಲಿನಲ್ಲಿ ಶಕ್ತಿ ಇದೆ ಎಂದು ತುಳಿದರೆ ತಲೆ ಸಿಡಿಯುತ್ತದೆ. ಜೆಲೊಂದಿಯ ಬಿಸಿನೀರಿನ ಬುಗ್ಗೆಯ ಬಳಿ ಎರಡು ರಾತ್ರಿ ನಿಂತೆವು. ಎತ್ತರದ ಕಾಯಿಲೆ ತಡೆಯಲೆಂದು ಡಾಕ್ಟರ್ ಕೊಟ್ಟ ಅಸೆಟಜೋಲಮೈಡ್ ಮಾತ್ರೆಯಿಂದ ಬೆರಳತುದಿಗಳು ಜುಮುಜುಮು ಎನ್ನುತ್ತಿದ್ದವು, ಸೋಡಾ ಕುಡಿದರೆ ಸಪ್ಪೆ ಲೋಹದ ರುಚಿ. ರಾತ್ರಿ ನಿದ್ದೆಯಲ್ಲಿ ಉಸಿರು ಕೆಲ ಕ್ಷಣ ನಿಂತೇಹೋಗುವುದು, ಆಮೇಲೆ ಮುಳುಗಿದವನು ನೀರಿನಿಂದ ತಲೆ ಎತ್ತಿದಂತೆ ಗಬಕ್ಕನೆ ಎಳೆದುಕೊಳ್ಳುವುದು. ಪಕ್ಕದಲ್ಲಿ ಮಲಗಿದ್ದ ಮೇಷ್ಟ್ರ ಉಸಿರು ಹೀಗೆ ನಿಂತಾಗಲೆಲ್ಲ ನಾನು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ಅವರೂ ನನ್ನದನ್ನು ಎಣಿಸುತ್ತಿದ್ದರಂತೆ. ಎತ್ತರದಲ್ಲಿ ಇದು ಮಾಮೂಲು ಎಂದು ಡಾಕ್ಟರ್ ಹೇಳಿದ ಮೇಲೂ ಎಣಿಕೆ ನಿಲ್ಲಲಿಲ್ಲ.

ಮೊದಲ ದೊಡ್ಡ ಏರು ಕೊಯ್ ತೆಜೆಕ್, 4,272 ಮೀಟರ್. ಕಿರ್ಗಿಜ್ ಭಾಷೆಯಲ್ಲಿ ಕೊಯ್ ಎಂದರೆ ಕುರಿ, ತೆಜೆಕ್ ಎಂದರೆ ಒಣಗಿದ ಸಗಣಿ. ಬದುಕಿನಲ್ಲಿ ಮೊದಲ ಬಾರಿಗೆ ನಾಲ್ಕು ಸಾವಿರ ಮೀಟರ್ ದಾಟಿದ ಜಾಗದ ಹೆಸರು ಕುರಿಹಿಕ್ಕೆ ಎಂದು ಮನೆಯವರಿಗೆ ಹೇಳಲು ಸಂಕೋಚವಾಯಿತು.

ಅಲ್ಲಿ ನಮ್ಮ ನಿಯಮ ಸರಳವಾಗಿತ್ತು. ಬಯಲಿನಲ್ಲಿ ಒಟ್ಟಿಗೆ, ಏರಿನಲ್ಲಿ ಅವರವರ ಪಾಡು ಅವರವರಿಗೆ, ಮೇಲೆ ಹೋದವರು ಅಲ್ಲಿ ಕಾಯುವುದು. ಬಯಲಿನಲ್ಲಿ ಎದುರುಗಾಳಿ ಬೀಸುವಾಗ ಒಬ್ಬರ ಹಿಂದೆ ಒಬ್ಬರು ಒಂದು ಗಾಲಿಯಷ್ಟು ಅಂತರದಲ್ಲಿ ಹೋದರೆ ಹಿಂದಿನವರಿಗೆ ದೊಡ್ಡ ಲಾಭ, ಸರದಿಯ ಮೇಲೆ ಮುಂದೆ ಬರಬಹುದು. ಏರಿನಲ್ಲಿ ಈ ಲಾಭ ಇಲ್ಲವೇ ಇಲ್ಲ. ನನ್ನ ಸೈಕಲ್‌ನ ಅತಿ ಹಗುರ ಗೇರಿನಲ್ಲಿ ಮುಂದೆ 26 ಹಲ್ಲು, ಹಿಂದೆ 36. ಪೆಡಲ್ ಒಂದು ಸುತ್ತು ಹಾಕಿದರೆ ಮುಂದೆ ಹೋಗುವುದು ಒಂದೂವರೆ ಮೀಟರ್. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ, ಬೀಳದೆ ನೆಟ್ಟಗೆ ಹೋಗುವುದೇ ಒಂದು ಕೆಲಸ. ಆಗ ಇನ್ನೊಬ್ಬರ ಗತಿಗೆ ಕಾಲು ಹೊಂದಿಸಲು ಹೋದರೆ ವೇಗದವರಿಗೂ ಸುಸ್ತು, ನಿಧಾನದವರಿಗೂ ಸುಸ್ತು. ಗೆಳೆಯರೊಂದಿಗೆ ಪರ್ವತ ದಾಟಿದೆವು ಎಂದು ಹೇಳಿಕೊಳ್ಳುತ್ತೇವೆ. ನಿಜವಾಗಿ ದಾಟುವ ಆ ಮೂರು ಗಂಟೆ ಕಣ್ಣಳತೆಯಲ್ಲಿ ಒಬ್ಬರೂ ಇರುವುದಿಲ್ಲ.

ಕೊಯ್ ತೆಜೆಕ್ ಮೇಲೆ ಬಿಸಿಲಿತ್ತು. ಡಾಕ್ಟರ್ ಅರ್ಧ ಗಂಟೆ ಕಾದಳು, ಬಂಡೆಗೆ ಒರಗಿ ನಿದ್ದೆ ಮಾಡಿದಳು, ನಾನು ಬಂದಾಗ ನಕ್ಕಳು. ಹಾಗಾಗಿ ನಿಯಮ ಸರಿಯಿದೆ ಎಂದುಕೊಂಡೆವು.

ಆಲಿಚುರ್ ದಾಟಿ ಮುರ್ಗಾಬ್‌ವರೆಗಿನದು ಮರವಿಲ್ಲದ ಪ್ರಸ್ಥಭೂಮಿ. ಮುರ್ಗಾಬ್‌ನ ಮಾರುಕಟ್ಟೆ ಎಂದರೆ ಸಾಲಾಗಿ ಇಟ್ಟ ಹಳೆಯ ಸರಕು ಕಂಟೇನರ್‌ಗಳು. ಅಲ್ಲಿ ಕೆಲವರ ಗಡಿಯಾರ ತಜಿಕಿಸ್ತಾನದ ಸಮಯ ತೋರಿಸಿದರೆ, ಕೆಲವರದು ಒಂದು ಗಂಟೆ ಮುಂದಿರುವ ಕಿರ್ಗಿಸ್ತಾನದ್ದು. ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದರೆ, ಯಾರ ಗಂಟೆ ಎಂದೂ ಕೇಳಬೇಕು. ನೂಡಲ್ಸ್, ಬಿಸ್ಕತ್ತು, ನಾನ್ ರೊಟ್ಟಿ, ಸ್ಟೌಗೆ ಒಂದು ಲೀಟರ್ ಪೆಟ್ರೋಲ್ ಕೊಂಡೆವು. ಅಕ್ಕಿ ಕೊಳ್ಳಲಿಲ್ಲ. ಆ ಎತ್ತರದಲ್ಲಿ ನೀರು 87 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅನ್ನದ ನಡುವೆ ಒಂದು ಕಾಳು ಗಟ್ಟಿ ಉಳಿಯುತ್ತದೆಂದು ಆಲಿಚುರ್‌ನಲ್ಲೇ ಕಲಿತಿದ್ದೆವು.

ಮುರ್ಗಾಬ್‌ನಿಂದ ಉತ್ತರಕ್ಕೆ ರಸ್ತೆಯ ಬಲಕ್ಕೆ ಚೀನಾ ಗಡಿಯ ಮುಳ್ಳುತಂತಿ ಬೇಲಿ ಸಂಗಾತಿಯಂತೆ ಬರುತ್ತದೆ. ಒಂದು ರಾತ್ರಿ ಪಾಸ್‌ನ ಕೆಳಗೆ ಟೆಂಟ್ ಹಾಕಿದೆವು. ಬೆಳಗ್ಗೆ ಬಾಟಲಿಯ ನೀರು ಗಡ್ಡೆ ಕಟ್ಟಿತ್ತು. ಮಧ್ಯಾಹ್ನದ ಗಾಳಿಗೆ ಮೊದಲೇ ನೆತ್ತಿ ಮುಟ್ಟಬೇಕೆಂದು ಏಳು ಗಂಟೆಗೆ ಹೊರಡುವ ಮಾತಾಗಿತ್ತು. ಹೊರಟಾಗ ಒಂಬತ್ತಾಗಿತ್ತು. ಸ್ಟೌವಿನ ಸಣ್ಣ ರಂಧ್ರಕ್ಕೆ ಕಸ ಕಟ್ಟಿ, ಮೇಷ್ಟ್ರು ಅದನ್ನು ತಂತಿಯಿಂದ ಚುಚ್ಚುತ್ತ ಕೂತಿದ್ದರು.

ಕೊನೆಯ ಕೆಲವು ಕಿಲೋಮೀಟರ್ ಸಡಿಲ ಜಲ್ಲಿ, ಕಡಿದಾದ ಏರು. ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಅಲ್ಲಿನ ಗಾಳಿಯಲ್ಲಿ ಸಿಗುತ್ತದೆ. ನಾನು ಇಪ್ಪತ್ತು ಸುತ್ತು ತುಳಿಯುವುದು, ಹ್ಯಾಂಡಲ್ ಮೇಲೆ ಹಣೆಯಿಟ್ಟು ನಿಲ್ಲುವುದು, ಮತ್ತೆ ಇಪ್ಪತ್ತು. ಆಮೇಲೆ ಹದಿನೈದು. ಕೊನೆಗೆ ಇಳಿದು ತಳ್ಳಿದೆ. ಸೈಕಲ್ ತುಳಿಯುವುದಕ್ಕಿಂತ ತಳ್ಳುವುದು ಕಷ್ಟ, ಆದರೆ ತಳ್ಳುವಾಗ ಕಷ್ಟಪಡುತ್ತಿದ್ದೇನೆಂದು ಕಾಣುತ್ತದೆ, ಅದೊಂದು ಸಮಾಧಾನ.

ಮೇಲೆ ಬಂದಾಗ ಮೇಷ್ಟ್ರು ನಿಂತಿದ್ದರು. ಡಾಕ್ಟರ್ ಸೈಕಲ್‌ನ ಮರೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ನಲವತ್ತು ನಿಮಿಷ ಕಾದಿದ್ದಳು. ಬೆವರಿನ ಬನಿಯನ್ ಮೈಮೇಲೇ ತಣ್ಣಗಾಗಿ, ಜಾಕೆಟ್ ಹಾಕಿಕೊಂಡರೂ ಜಿಪ್ ಎಳೆಯಲು ಬೆರಳು ಬಗ್ಗಿರಲಿಲ್ಲ. ಮೇಷ್ಟ್ರು ಬಂದ ಮೇಲೆ ಅವರೇ ಎಳೆದುಕೊಟ್ಟರಂತೆ. ತುಟಿ ನೀಲಿಯಾಗಿತ್ತು.

"ನಿನ್ನ ಆ ಎರಡನೇ ಜೊತೆ ಶೂ ಇಲ್ಲಿವರೆಗೆ ಬಂದವಾ?" ಎಂದಳು.

ನಾನು ಏದುಸಿರು ಬಿಡುತ್ತಿದ್ದೆ. ತಪ್ಪು ನನ್ನದೆಂದು ಗೊತ್ತಿತ್ತು, ಅದಕ್ಕೇ ಸಿಟ್ಟು ಬಂತು. "ಕಾಯಬೇಕೆಂದು ಹೇಳಿದವರು ಯಾರು?" ಎಂದುಬಿಟ್ಟೆ.

ಅವಳು ಏನೂ ಹೇಳದೆ ಸೈಕಲ್ ಹತ್ತಿದಳು. ಮೇಷ್ಟ್ರು ಕ್ಯಾಮೆರಾ ಹೊರಗೆ ತೆಗೆದಿದ್ದರು. ಅದನ್ನು ಒಳಗಿಟ್ಟುಕೊಂಡರು.

ಆಚೆ ಬದಿಯ ಇಳಿಜಾರು ಸಿಮೆಂಟ್ ಶೀಟ್ ಹಾಸಿದಂತೆ ಅಡ್ಡಡ್ಡ ಅಲೆಗಳ ರಸ್ತೆ. ಸಡಿಲ ಮಣ್ಣಿನ ಮೇಲೆ ವಾಹನಗಳ ಗಾಲಿ ಕುಪ್ಪಳಿಸಿ ಕುಪ್ಪಳಿಸಿಯೇ ಇಂಥ ಅಲೆ ಏಳುತ್ತದೆ. ಸೈಕಲ್‌ಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಅಂಚಿನಲ್ಲಿ ಒಂದು ಗೇಣು ನುಣುಪಾದ ಜಾಗ ಸಿಕ್ಕರೆ ಪುಣ್ಯ. ಆರೇಳು ಕಿಲೋಮೀಟರ್ ಇಳಿದಿರಬಹುದು, ಹಿಂದಿನಿಂದ ತಂಬೂರಿಯ ತಂತಿ ಕಡಿದಂತೆ ‘ಟಿಂಗ್’ ಎಂದಿತು. ಆಮೇಲೆ ಪ್ರತಿ ಸುತ್ತಿಗೂ ಚಕ್ರದ ಅಂಚಿನ ರಿಮ್ ಬ್ರೇಕಿಗೆ ಉಜ್ಜುವ ಸದ್ದು. ನನ್ನ ಸೈಕಲ್‌ನ ಹಿಂದಿನ ಚಕ್ರದ ಬಲಬದಿಯ ಒಂದು ಕಡ್ಡಿ ಚಕ್ರದ ನಡುವಿನ ಹಬ್‌ನ ಬಳಿ, ಬಾಗುವ ಕಡೆಯೇ ಮುರಿದಿತ್ತು.

ಯಾವ ಕಡ್ಡಿ ಬೇಕಾದರೂ ಮುರಿಯಲಿ, ಹಿಂದಿನ ಬಲಬದಿಯದು ಮಾತ್ರ ಬೇಡ ಎಂದು ಸೈಕಲ್ ಪ್ರವಾಸಿಗರು ಬೇಡಿಕೊಳ್ಳುತ್ತಾರೆ. ಮುರಿಯುವುದು ಮಾತ್ರ ಅದೇ. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು, ಬಲಬದಿಯ ಕಡ್ಡಿಗಳಿಗೆ ಬಿಗಿ ಹೆಚ್ಚು. ಹೊಸದನ್ನು ತೂರಿಸಬೇಕಾದರೆ ದಾರಿಗೆ ಗೇರ್‌ಗಳ ಗೊಂಚಲು ಅಡ್ಡ. ಮನೆಯಲ್ಲಿ ಅದನ್ನು ಬಿಚ್ಚಲು ಉದ್ದ ಹಿಡಿಯ ಎರಡು ಉಪಕರಣ ಬೇಕು. ಮೇಷ್ಟ್ರ ಬಳಿ ಹೆಬ್ಬೆರಳಿನಷ್ಟೇ ಉದ್ದದ ಒಂದು ಉಕ್ಕಿನ ತುಂಡು ಇತ್ತು. ಗೊಂಚಲಿನ ಬೀಗದ ಉಂಗುರದ ಹಲ್ಲುಗಳಿಗೆ ಅದನ್ನು ಕೂರಿಸಿ, ಚಕ್ರವನ್ನು ಮತ್ತೆ ಫ್ರೇಮಿಗೆ ಹಾಕಬೇಕು. ತುಂಡಿನ ತುದಿ ಫ್ರೇಮಿಗೆ ಆತು ನಿಲ್ಲುತ್ತದೆ. ಆಮೇಲೆ ಪೆಡಲನ್ನು ಮುಂದಕ್ಕೆ ಮೆಲ್ಲಗೆ ಒತ್ತಿದರೆ ಗೊಂಚಲು ತಿರುಗುತ್ತದೆ, ಉಂಗುರ ತಿರುಗಲಾರದೆ ಸಡಿಲವಾಗುತ್ತದೆ. ನಮ್ಮ ತೊಡೆಯ ಬಲವನ್ನೇ ಪಾನಾ ಮಾಡಿಕೊಳ್ಳುವ ಈ ಜಾಣತನವನ್ನು ಯಾರು ಕಂಡುಹಿಡಿದರೋ, ಅವರಿಗೆ ಆ ಬಯಲಿನಲ್ಲಿ ಮನಸ್ಸಿನಲ್ಲೇ ಕೈ ಮುಗಿದೆ.

ಮೂವರೂ ಮಾತಿಲ್ಲದೆ ಕೆಲಸ ಹಂಚಿಕೊಂಡೆವು. ನಾನು ಗಾಳಿಗೆ ಬೆನ್ನು ಕೊಟ್ಟು ಟಾರ್ಪಾಲು ಹಿಡಿದು ನಿಂತೆ. ಮೇಷ್ಟ್ರು ಗೊಂಚಲು ಬಿಚ್ಚಿ, ಗೇರ್‌ಗಳ ನಡುವಿನ ಒಂದೊಂದು ಉಂಗುರವನ್ನೂ ಕಳಚಿದ ಕ್ರಮದಲ್ಲೇ ಕರವಸ್ತ್ರದ ಮೇಲೆ ಸಾಲಾಗಿ ಇಟ್ಟರು. ಕಡ್ಡಿ ತೂರಿಸುವ ಹೊತ್ತಿಗೆ ಡಾಕ್ಟರ್ ಮೇಷ್ಟ್ರ ಕೈಯಿಂದ ಅದನ್ನು ಕಿತ್ತುಕೊಂಡಳು. ಬೆರಳುಗಳಿಗೆ ಅಷ್ಟರಲ್ಲಿ ಜೀವ ಬಂದಿತ್ತು. ಹಬ್‌ನ ತೂತಿನಿಂದ ಹೊರಟು, ಮೂರನೇ ಕಡ್ಡಿಯ ಅಡಿಯಲ್ಲಿ ನುಸುಳಿ, ರಿಮ್‌ನಲ್ಲೇ ಉಳಿದಿದ್ದ ಹಳೆಯ ನಿಪ್ಪಲ್‌ಗೆ, ಅಂದರೆ ಕಡ್ಡಿಯನ್ನು ಬಿಗಿಯುವ ಸಣ್ಣ ನಟ್ಟಿಗೆ, ಕಡ್ಡಿಯ ತಿರುಪಿನ ತುದಿಯನ್ನು ಕೂರಿಸುವುದು ಅವಳಿಗೆ ಒಂದು ನಿಮಿಷದ ಕೆಲಸವಾಯಿತು. ಬಾಯೊಳಗೆ ಕನ್ನಡಿ ಹಿಡಿದು ಕೆಲಸ ಮಾಡುವವರ ಕೈ ಅದು.

ಬೆಂಡ್ ತೆಗೆಯುವುದು ಮೇಷ್ಟ್ರ ಪಾಲು. ಚಕ್ರವನ್ನು ತಿರುಗಿಸಿ, ರಿಮ್ ಯಾವ ಕಡೆಯ ಬ್ರೇಕ್ ರಬ್ಬರಿಗೆ ತಾಗುತ್ತದೆ ಎಂದು ನೋಡುವುದು, ಅಲ್ಲಿನ ನಿಪ್ಪಲನ್ನು ಕಾಲು ಸುತ್ತು ತಿರುಗಿಸುವುದು, ಮತ್ತೆ ತಿರುಗಿಸಿ ನೋಡುವುದು. ನಡುನಡುವೆ ಕಡ್ಡಿಗಳನ್ನು ಉಗುರಿನಿಂದ ಮೀಟುತ್ತಿದ್ದರು. ಬಲಬದಿಯವು ಏರುಶ್ರುತಿ, ಎಡಬದಿಯವು ತಗ್ಗು. ಹೊಸದು ಅಕ್ಕಪಕ್ಕದವುಗಳ ಶ್ರುತಿಗೆ ಬಂದಾಗ ಕೈ ಬಿಟ್ಟರು.

ಚೀಲಗಳನ್ನು ಮತ್ತೆ ಕಟ್ಟಲು ನಾನು ಹೋದಾಗ ಮೇಷ್ಟ್ರು ತಡೆದರು. "ಇನ್ನೊಂದು ಮುರಿದರೆ ನನ್ನ ಬಳಿ ಇರುವುದು ಎರಡೇ ಕಡ್ಡಿ. ಓಶ್‌ವರೆಗೆ ಸೈಕಲ್ ಅಂಗಡಿ ಇಲ್ಲ. ಈ ಹಿಂದಿನ ಚಕ್ರದ ಮೇಲಿನ ಭಾರ ಇಳಿಯಬೇಕಯ್ಯಾ."

ಡಾಕ್ಟರ್ ಆಗಲೇ ನನ್ನ ಚೀಲ ಬಿಚ್ಚಿ ಕೂತಿದ್ದಳು. ಸ್ಟೌ, ಪಾತ್ರೆ, ಪೆಟ್ರೋಲ್ ಬಾಟಲಿ ಎತ್ತಿಕೊಂಡಳು. ಅವು ನನ್ನ ಪಾಲಿನ ಸಮಾನ ಮೂರು ಕೆಜಿ. ಮತ್ತೆ ಟಯರ್. ಮತ್ತೆ ತಳದಲ್ಲಿದ್ದ ಒಂದು ಬಟ್ಟೆಯ ಚೀಲ, ಇನ್ನೂ ಏನೋ. ನಾನು ದಿಗಂತ ನೋಡುತ್ತ ನಿಂತಿದ್ದೆ. ನನಗಿಂತ 26 ಕೆಜಿ ಕಡಿಮೆ ತೂಗುವ ಹೆಂಗಸು ನನ್ನ ಸಾಮಾನು ಹೊರುವುದನ್ನು ನೋಡಲು ಆಗಲಿಲ್ಲ ಎನ್ನುವುದು ಮರ್ಯಾದೆಯ ಮಾತು. ಹಿಂದಿನ ಎರಡು ವಾರದಲ್ಲಿ ಅವಳು ಎರಡು ಬಾರಿ ಕೇಳಿದ್ದಳು, ಎರಡು ಬಾರಿಯೂ ಬೇಡವೆಂದಿದ್ದೆ. ಅದನ್ನು ಸ್ವಾಭಿಮಾನ ಎಂದುಕೊಂಡಿದ್ದೆ. ಆ ಸ್ವಾಭಿಮಾನದ ಬೆಲೆಯನ್ನು ಅಕ್‌ಬೈತಾಲ್ ಮೇಲೆ ಕೂತು ತೆತ್ತವಳು ಅವಳು.

ಆ ರಾತ್ರಿ ಕಾರಾಕುಲ್ ಸರೋವರದ ದಡದಲ್ಲಿ, ಅದೇ ಹೆಸರಿನ ಹಳ್ಳಿಯ ಮನೆಯೊಂದರಲ್ಲಿ ಉಳಿದೆವು. ಉಲ್ಕೆ ಬಿದ್ದು ಆದ ಗುಂಡಿಯಲ್ಲಿ ನಿಂತ ನೀರು ಈ ಸರೋವರ. ಹೆಸರು ಕಪ್ಪು ಕೆರೆ ಎಂದಾದರೂ ಸಂಜೆ ಕಡುನೀಲಿಯಾಗಿತ್ತು. ಒಲೆಗೆ ಬೆರಣಿ ಹಾಕಿದ್ದರು. ಮೇಷ್ಟ್ರು ಬಿಸ್ಕತ್ತಿನ ಪೊಟ್ಟಣ ಬಿಡಿಸಿ ಅದರ ಒಳಬದಿಯಲ್ಲಿ ಲೆಕ್ಕ ಹಾಕಿದರು. ಕಡಿದಾದ ಏರಿನಲ್ಲಿ ಗಾಳಿಯ ತಡೆ ಲೆಕ್ಕಕ್ಕಿಲ್ಲ, ಬಹುಪಾಲು ಶಕ್ತಿ ಭಾರವನ್ನು ಎತ್ತುವುದಕ್ಕೇ ಹೋಗುತ್ತದೆ. ಆಳು, ಸೈಕಲ್, ಸಾಮಾನು, ನೀರು ಎಲ್ಲ ಸೇರಿ ನಾನು 125 ಕೆಜಿ, ಡಾಕ್ಟರ್ 88. ಆರು ಕೆಜಿ ನನ್ನಿಂದ ಅವಳಿಗೆ ದಾಟಿದರೆ ನನ್ನ ಭಾರ ಶೇಕಡ ಐದರಷ್ಟು ಇಳಿಯುತ್ತದೆ, ಅವಳದು ಶೇಕಡ ಏಳರಷ್ಟು ಏರುತ್ತದೆ. ಮೂರು ಗಂಟೆಯ ಏರಿನಲ್ಲಿ ನಾನು ಒಂಬತ್ತು ನಿಮಿಷ ಬೇಗ, ಅವಳು ಹತ್ತು ನಿಮಿಷ ತಡ. ನಲವತ್ತರ ಅಂತರ ಇಪ್ಪತ್ತೊಂದಕ್ಕೆ ಇಳಿಯುತ್ತದೆ.

"ಖೊರೋಗ್‌ನಲ್ಲಿ ನಾನು ಹಂಚಿದ್ದು ಭಾಗಾಕಾರ" ಎಂದರು ಮೇಷ್ಟ್ರು. "ಹಂಚಬೇಕಾಗಿದ್ದದ್ದು ಅನುಪಾತದಲ್ಲಿ. ನನ್ನಂಥವನಿಗೆ ಇದು ತಡವಾಗಿ ಹೊಳೆಯಬಾರದಿತ್ತು."

ನಾನು ಡಾಕ್ಟರ್‌ಗೆ ತಪ್ಪಾಯಿತು ಎಂದೆ. "ಬೆಳಗ್ಗೆ ಚಹಾ ನೀನು ಮಾಡು" ಎಂದಳು. ಸ್ಟೌ ಈಗ ಅವಳ ಚೀಲದಲ್ಲಿದ್ದದ್ದರಿಂದ ಬೆಳಗ್ಗೆ ಅವಳನ್ನು ಎಬ್ಬಿಸಿಯೇ ಚಹಾ ಮಾಡಬೇಕಾಯಿತು.

ನಿಯಮವೂ ಬದಲಾಯಿತು. ನೆತ್ತಿಯಲ್ಲಿ ಕಾಯುವಂತಿಲ್ಲ, ಆಚೆ ಬದಿಗೆ ಇಳಿದು ಗಾಳಿಮರೆ ಹುಡುಕಬೇಕು. ನಿಂತ ಕೂಡಲೇ, ಚಳಿಯಾಗುವ ಮೊದಲೇ, ಒದ್ದೆ ಬನಿಯನ್ ಬದಲಿಸಬೇಕು. ಸ್ಟೌ ಮುಂದೆ ಹೋಗುವವರ ಬಳಿಯೇ ಇರಬೇಕು. ಕಿಜಿಲ್ ಆರ್ತ್ ಪಾಸ್‌ನಲ್ಲಿ, 4,280 ಮೀಟರ್ ಎತ್ತರದಲ್ಲಿ, ಇದರ ಪರೀಕ್ಷೆಯಾಯಿತು. ತಜಿಕ್ ಚೌಕಿಯಲ್ಲಿ ಮುದ್ರೆ ಒತ್ತಿಸಿಕೊಂಡು ಹೊರಟಾಗ ಹಿಟ್ಟು ಜರಡಿ ಹಿಡಿದಂತೆ ಹಿಮ ಬೀಳುತ್ತಿತ್ತು. ನೆತ್ತಿ ದಾಟಿ ಎರಡು ತಿರುವು ಇಳಿದಾಗ ಒಂದು ಮಣ್ಣದಿಬ್ಬದ ಹಿಂದಿನಿಂದ ಸೀಟಿ ಕೇಳಿಸಿತು. ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ನನಗೆ ಲೋಟ ಕೊಟ್ಟು ಗಡಿಯಾರ ನೋಡಿ, "ಹದಿನೆಂಟು" ಎಂದಳು. ಮೇಷ್ಟ್ರಿಗೆ ಮೂರು ನಿಮಿಷದ ವ್ಯತ್ಯಾಸಕ್ಕೆ ಕಾರಣ ಸಿಗದೆ ಸಂಜೆಯವರೆಗೆ ತಲೆ ಕೆಡಿಸಿಕೊಂಡರು.

ಎರಡು ದೇಶಗಳ ಚೌಕಿಗಳ ನಡುವೆ ಸುಮಾರು 20 ಕಿಲೋಮೀಟರ್. ಒಂದು ದೇಶ ಬೀಳ್ಕೊಟ್ಟಾಗಿದೆ, ಇನ್ನೊಂದು ಇನ್ನೂ ಸೇರಿಸಿಕೊಂಡಿಲ್ಲ. ಕಿಜಿಲ್ ಎಂದರೆ ಕೆಂಪು. ಹಿಮ ಕರಗಿ ಕೆಂಪು ಮಣ್ಣೆಲ್ಲ ಹುದುಲಾಗಿ ಮಡ್‌ಗಾರ್ಡ್‌ಗೂ ಟಯರಿಗೂ ನಡುವೆ ಮೆತ್ತಿಕೊಂಡು ಚಕ್ರವೇ ನಿಂತುಹೋಗುತ್ತಿತ್ತು. ಟೆಂಟಿನ ಮೊಳೆಯಿಂದ ಕೆರೆದು ಕೆರೆದು ಮುಂದೆ ಸಾಗಿದೆವು. ಬಿಳಿ ಹೆಣ್ಣುಕುದುರೆಯ ಹೆಸರಿನ ಅಕ್‌ಬೈತಾಲ್, ಕಪ್ಪು ಕೆರೆ, ಕೆಂಪು ಪಾಸ್, ಮುಂದೆ ಸಾರಿ ತಾಶ್ ಅಂದರೆ ಹಳದಿ ಕಲ್ಲು. ಈ ದಾರಿಗೆ ಹೆಸರಿಟ್ಟವರು ಬಣ್ಣದಲ್ಲೇ ಎಲ್ಲ ಮುಗಿಸಿದ್ದಾರೆ.

ಸಾರಿ ತಾಶ್‌ನಿಂದ ಹಿಂದೆ ತಿರುಗಿ ನೋಡಿದರೆ ಟ್ರಾನ್ಸ್ ಅಲಾಯ್ ಪರ್ವತಸಾಲು ಗೋಡೆಯಂತೆ ನಿಂತಿತ್ತು, ಅದರಲ್ಲಿ 7,134 ಮೀಟರ್‌ನ ಲೆನಿನ್ ಶಿಖರ. ಅದರ ಆಚೆಯಿಂದ ನಾವು ಬಂದೆವು ಎಂದು ನಂಬಲು ಸೈಕಲ್ ಮೇಲಿನ ಕೆಂಪು ಮಣ್ಣೇ ಸಾಕ್ಷಿ. ಅಲ್ಲಿಂದ ನುಣುಪು ಡಾಂಬರು, ಹಸಿರು ಹುಲ್ಲು. ತಾಲ್ದಿಕ್ ಪಾಸ್ 3,615 ಮೀಟರ್ ಇದ್ದರೂ ಗಾಳಿ ದಪ್ಪವಾದಂತೆ ಅನ್ನಿಸಿ ಮೂವರೂ ಹರಟೆ ಹೊಡೆಯುತ್ತಲೇ ಏರಿದೆವು. ಆಮೇಲೆ ಇಳಿದದ್ದೇ ಇಳಿದದ್ದು, ನಡುವೆ ಒಂದು ಸಣ್ಣ ಏರು ಬಿಟ್ಟರೆ. ಒಂದು ಸಾವಿರ ಮೀಟರ್‌ಗಿಂತ ಕೆಳಗಿರುವ ಓಶ್‌ಗೆ ಮುಟ್ಟಿದಾಗ ಸೆಕೆಗೆ ಬೆವರುತ್ತಿದ್ದೆವು.

ಅತಿಥಿಗೃಹದ ವರಾಂಡದಲ್ಲಿ ಸಾಮಾನುಗಳನ್ನು ಮತ್ತೆ ಅವರವರ ಪಾಲಿಗೆ ವಿಂಗಡಿಸಲು ಕೂತೆವು. ಡಾಕ್ಟರ್ ತನ್ನ ಚೀಲದಿಂದ ನನ್ನ ಟಯರ್ ತೆಗೆದಳು. ಪುಸ್ತಕ ತೆಗೆದಳು, ಇಪ್ಪತ್ತನೇ ಪುಟದಲ್ಲಿ ಗುರುತು ಹಾಗೇ ಇತ್ತು. ಕೊನೆಗೆ ಆ ಬಟ್ಟೆಯ ಚೀಲ. ಅದರೊಳಗಿಂದ ಹಾವಿನಂತೆ ಸುತ್ತಿಕೊಂಡ ಉಕ್ಕಿನ ಸೈಕಲ್ ಬೀಗ ಹೊರಬಂತು. ಮೈಲಿಗಟ್ಟಲೆ ನರಪಿಳ್ಳೆಯಿಲ್ಲದ ಪ್ರಸ್ಥಭೂಮಿಯಲ್ಲಿ ಒಮ್ಮೆಯೂ ಅದನ್ನು ಹಾಕಿರಲಿಲ್ಲ.

"ಇಲ್ಲಿ ಪಟ್ಟಣ. ಈಗಲಾದರೂ ಸೈಕಲ್‌ಗೆ ಹಾಕೋಣ, ಕೀಲಿ ಕೊಡು" ಎಂದಳು.

ನಾನು ಜೇಬು ತಡಕಿದೆ. ಹ್ಯಾಂಡಲ್ ಚೀಲ ತಡಕಿದೆ. ಪರ್ಸ್ ತಡಕಿದೆ.

ಮೇಷ್ಟ್ರು ಬೀಗವನ್ನು ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ ಎತ್ತಿ ಹಿಡಿದರು. ಒಂದು ಕೆಜಿ ಇನ್ನೂರು ಗ್ರಾಂ. ಆಮೇಲೆ ಬರೆಯಲು ಬಿಸ್ಕತ್ತಿನ ಪೊಟ್ಟಣ ಹುಡುಕತೊಡಗಿದರು.